ಹಾರುವ ಹದ್ದಿನ ಫೋಟೋ ಕಪ್ಪಾಗಿ, ಮಸುಕಾಗಿ ಬರುವುದೇಕೆ?

ಹಾರುವ ಹದ್ದು, ಗಿಡುಗಗಳ ಫೋಟೋ ತೆಗೆದರೆ ಕಪ್ಪಗೆ, ಮಸುಕಾಗಿ ಬರುತ್ತೆ, ದೊಡ್ಡ ಲೆನ್ಸ್ ಕೊಳ್ಳಲೇಬೇಕಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಮೊದಲು ನೀವು ನಿಲ್ಲುವ ಜಾಗ ಬದಲಿಸಿ ನೋಡಿ.

ಬೇಟೆ ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಮೇಲೇಳುತ್ತವೆ, ಎದುರಾಗಿಯೇ ಇಳಿಯುತ್ತವೆ. ಹಾಗಾಗಿ ಗಾಳಿಯೂ ಸೂರ್ಯನೂ ನಿಮ್ಮ ಬೆನ್ನಿಗಿರಬೇಕು. ಆಗ ಹಕ್ಕಿ ನಿಮ್ಮ ಕಡೆ ಮುಖ ಮಾಡಿ ಬರುತ್ತದೆ, ಕಣ್ಣಿನಲ್ಲಿ ಬೆಳಕಿರುತ್ತದೆ. ಬೆಳಿಗ್ಗೆ ಗಾಳಿ ಪಡುವಣದಿಂದ ಬೀಸುತ್ತಿದ್ದರೆ ಅದೇ ಜಾಗಕ್ಕೆ ಸಂಜೆ ಹೋಗಿ. ಬಿಸಿಲು ಓರೆಯಾಗಿದ್ದಾಗ ರೆಕ್ಕೆಯ ಅಡಿಗೂ ಬೆಳಕು ಸಿಗುತ್ತದೆ, ನಡು ಮಧ್ಯಾಹ್ನ ಅಲ್ಲಿ ಬರೀ ನೆರಳು.

ಕೂತ ಹಕ್ಕಿಯನ್ನು ಸುಮ್ನೆ ಗಮನಿಸುತ್ತಾ ಇರಿ. ಹಾರುವ ಮುಂಚೆ ಸಾಮಾನ್ಯವಾಗಿ ಅದು ಹಿಕ್ಕೆ ಹಾಕುತ್ತದೆ. ಗರಿಗಳನ್ನು ಮೈಗೆ ಒತ್ತಿಕೊಂಡು ಸಣ್ಣಗಾಗುತ್ತದೆ, ಮುಂದಕ್ಕೆ ಬಾಗುತ್ತದೆ. ಬಾಗಿದ ಕೂಡಲೇ ಬಟನ್ ಒತ್ತಿ. ರೆಕ್ಕೆ ಬಿಚ್ಚುವವರೆಗೆ ಕಾದರೆ ಬಾಲ ಮಾತ್ರ ಸಿಗುತ್ತದೆ. ಈ ಕ್ಷಣಕ್ಕೆ ಕಾಯುವುದೇ ನನಗೆ ಫೋಟೋಗಿಂತ ಜಾಸ್ತಿ ಇಷ್ಟ.

ಇನ್ನು ಕಪ್ಪಾಗುವ ವಿಷಯ. ಬೆಳ್ಳಗಿನ ಆಕಾಶ ನೋಡಿ ಕ್ಯಾಮೆರಾ ಇಡೀ ಚಿತ್ರವನ್ನೇ ಕತ್ತಲು ಮಾಡಿಬಿಡುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಕ್ಯಾಮೆರಾ ಲೆಕ್ಕ ಹಾಕಿದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) +1 ಇಟ್ಟರೆ ಸರಿಹೋಗುತ್ತದೆ, ಆದರೆ ಹಕ್ಕಿ ಮರಗಳ ಮುಂದೆ ಇಳಿದ ತಕ್ಷಣ ಬೆಳ್ಳಗೆ ಸುಟ್ಟಂತಾಗುತ್ತದೆ. ಹಿಂದೆ ಏನೇ ಇರಲಿ, ಹಕ್ಕಿಯ ಮೇಲೆ ಬೀಳುವ ಬಿಸಿಲು ಅದೇ ಅಲ್ವಾ? ಅದಕ್ಕೇ ನಾನು ಪೂರ್ತಿ ಮ್ಯಾನುಯಲ್ ಬಳಸುತ್ತೇನೆ, ಅಂದರೆ ಎಲ್ಲಾ ಸೆಟ್ಟಿಂಗ್ ನಾನೇ ಇಡುತ್ತೇನೆ, ಐಎಸ್ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಳತೆ) ಕೂಡ ಆಟೋದಲ್ಲಿ ಬಿಡುವುದಿಲ್ಲ. ಮೋಡ ಬಂದಾಗ ಮಾತ್ರ ಬದಲಿಸಿದರೆ ಸಾಕು.

ಶಟರ್ ವೇಗ, ಅಂದರೆ ಕ್ಯಾಮೆರಾ ಬೆಳಕನ್ನು ಒಳಬಿಡುವ ಹೊತ್ತು, 1/2000 ಸೆಕೆಂಡ್ ಇಡಿ. ತೇಲುವ ಹದ್ದಿಗೆ 1/1000 ಸಾಕಾಗಬಹುದು, ಎರಗುವ ಗಿಡುಗಕ್ಕೆ 1/3200 ಬೇಕು. ಐಎಸ್ಒ 1600ಕ್ಕೆ ಏರಿದರೂ ಹೆದರಬೇಡಿ. ಕಾಳುಕಾಳಾದ ಚಿತ್ರವನ್ನು ಆಮೇಲೆ ತಿದ್ದಬಹುದು, ಅಲುಗಿದ್ದನ್ನು ಸರಿಮಾಡುವುದು ಕಷ್ಟ. ಫೋಕಸ್ ಕಂಟಿನ್ಯುಯಸ್‌ನಲ್ಲಿರಲಿ, ಆಗ ಹಕ್ಕಿ ಚಲಿಸಿದಂತೆ ಫೋಕಸ್ ತಾನೇ ಹೊಂದಿಕೊಳ್ಳುತ್ತದೆ. ಹಕ್ಕಿ ದೂರದಲ್ಲಿರುವಾಗಲೇ ಹಿಡಿದು, ಸೊಂಟದಿಂದ ತಿರುಗುತ್ತಾ ಹಿಂಬಾಲಿಸಿ.

ಇಷ್ಟಾದರೂ ದೂರದ ಹಕ್ಕಿ ಮಸುಕಾದರೆ ಬಿಸಿಲಲ್ಲಿ ನೆಲದಿಂದ ಏಳುವ ಬಿಸಿ ಗಾಳಿಯನ್ನು ಅನುಮಾನಿಸಿ. ಅದಕ್ಕೆ ಯಾವ ಲೆನ್ಸೂ ಮದ್ದಲ್ಲ, ಬೆಳಿಗ್ಗೆ ಬೇಗ ಹೋಗಬೇಕು ಅಷ್ಟೇ. ಹತ್ತಿರದ ಚಿತ್ರದ ಆಸೆಗೆ ಗೂಡಿನ ಬಳಿ ಮಾತ್ರ ಹೋಗಬೇಡಿ. ಹಕ್ಕಿ ಕೂಗುತ್ತಾ ನಿಮ್ಮ ತಲೆ ಮೇಲೆ ಸುತ್ತತೊಡಗಿದರೆ ತಕ್ಷಣ ದೂರ ಬನ್ನಿ, ಅಷ್ಟೂ ಹೊತ್ತು ಮೊಟ್ಟೆಗಳಿಗೆ ಕಾವಿರುವುದಿಲ್ಲ.