ಎದೆಯುರಿಗೆ ಸೋಲ್‌ಕಢಿಯೋ, ಮಾತ್ರೆಯೋ?

ಪ್ರಶ್ನೆ: ವಯಸ್ಸು 52, ಬಿ.ಪಿ. ಮಾತ್ರೆ ನಡೆಯುತ್ತಿದೆ. ವಾರದಲ್ಲಿ ಮೂರ್ನಾಲ್ಕು ರಾತ್ರಿ ಎದೆಯುರಿ, ಹುಳಿತೇಗು. ಕೆಮಿಕಲ್ ಬೇಡವೆಂದು ಅಡುಗೆ ಸೋಡಾದ ನೀರು, ಸೋಲ್‌ಕಢಿ (ಪುನರ್ಪುಳಿ, ತೆಂಗಿನ ಹಾಲಿನ ಪಾನೀಯ), ಜೇಷ್ಠಮಧು ಪುಡಿ ತೆಗೆದುಕೊಳ್ಳುತ್ತೇನೆ. ಡಾಕ್ಟರು ಬರೆದುಕೊಟ್ಟ ಪ್ಯಾಂಟೊಪ್ರಜೋಲನ್ನು ಉರಿ ಬಂದಾಗ ನುಂಗಿದರೂ ಗುಣ ಕಾಣುವುದಿಲ್ಲ. ಏನು ಮಾಡಲಿ?
– ಓದುಗರು, ಡೊಂಬಿವಲಿ

ಉತ್ತರ: ಸೋಡಾ ಮತ್ತು ಜೇಷ್ಠಮಧು ಎರಡನ್ನೂ ಇಂದೇ ಬಿಡಿ. ಅಡುಗೆ ಸೋಡಾ ಕೂಡ ಕಾರ್ಖಾನೆಯಿಂದ ಬಂದದ್ದೇ. ಅರ್ಧ ಟೀ ಚಮಚದಲ್ಲಿ ಸುಮಾರು 600 ಮಿ.ಗ್ರಾಂ ಸೋಡಿಯಂ ಇರುತ್ತದೆ. ಇಡೀ ದಿನದ ಊಟದಿಂದ ಸೇರಬೇಕಾದದ್ದೇ 2000 ಮಿ.ಗ್ರಾಂನೊಳಗೆ. ಜೇಷ್ಠಮಧು ಗಿಡದ ಬೇರು, ನಿಜ. ಆದರೆ ಅದರಲ್ಲಿರುವ ಗ್ಲಿಸಿರೈಜಿನ್ ಎಂಬ ಅಂಶ ಮೈಯಲ್ಲಿ ಉಪ್ಪನ್ನು ಹಿಡಿದಿಟ್ಟು, ಪೊಟ್ಯಾಸಿಯಂ ಇಳಿಸಿ, ಬಿ.ಪಿ. ಏರಿಸುತ್ತದೆ. ನಿಮ್ಮ ಮಟ್ಟಿಗೆ ಮಾತ್ರೆಗಿಂತ ಇದೇ ಅಪಾಯ.

ಸೋಲ್‌ಕಢಿ ಔಷಧವಲ್ಲ. ಪುನರ್ಪುಳಿ ಸ್ವತಃ ಹುಳಿ, ತೆಂಗಿನ ಹಾಲಿನ ಜಿಡ್ಡು ಹೊಟ್ಟೆ ಬೇಗ ಖಾಲಿಯಾಗಲು ಬಿಡದು. ಒಗ್ಗಿದರೆ ಮಧ್ಯಾಹ್ನ ಸಣ್ಣ ಲೋಟ ಕುಡಿಯಿರಿ, ರಾತ್ರಿ ಬೇಡ.

ಪ್ಯಾಂಟೊಪ್ರಜೋಲ್ ಉರಿ ಆರಿಸುವ ಮಾತ್ರೆಯಲ್ಲ, ಆಮ್ಲ ಸುರಿಸುವ ಪಂಪುಗಳನ್ನು ಮುಚ್ಚುವಂಥದ್ದು. ಊಟ ಬಿದ್ದಾಗ ಚುರುಕಾಗುವ ಪಂಪುಗಳನ್ನಷ್ಟೇ ಅದು ಹಿಡಿಯಬಲ್ಲದು. ಆದ್ದರಿಂದ ಬೆಳಗಿನ ತಿಂಡಿಗೆ 30ರಿಂದ 60 ನಿಮಿಷ ಮೊದಲು, ಖಾಲಿ ಹೊಟ್ಟೆಯಲ್ಲಿ, ದಿನವೂ ತೆಗೆದುಕೊಳ್ಳಬೇಕು. ಜಗಿಯಬೇಡಿ, ಪುಡಿ ಮಾಡಬೇಡಿ. ಮೇಲಿನ ಲೇಪ ಒಡೆದರೆ ಹೊಟ್ಟೆಯ ಆಮ್ಲವೇ ಮದ್ದನ್ನು ಕೆಡಿಸುತ್ತದೆ. ಪೂರ್ಣ ಪರಿಣಾಮಕ್ಕೆ ಮೂರ್ನಾಲ್ಕು ದಿನ ಬೇಕು. ಸಾಮಾನ್ಯವಾಗಿ 4ರಿಂದ 8 ವಾರದ ಕೋರ್ಸು. ಬಹುಕಾಲ ಸೇವಿಸಿದವರು ಒಮ್ಮೆಲೇ ನಿಲ್ಲಿಸಿದರೆ ಆಮ್ಲ ಇಮ್ಮಡಿಯಾಗಿ ಉಕ್ಕಿದಂತಾಗುತ್ತದೆ, ಡಾಕ್ಟರನ್ನು ಕೇಳಿ ಇಳಿಸುತ್ತ ಬನ್ನಿ. ವರ್ಷಗಟ್ಟಲೆ ನುಂಗುವವರಲ್ಲಿ ವಿಟಮಿನ್ ಬಿ12, ಮೆಗ್ನೀಸಿಯಂ ಕಡಿಮೆಯಾಗಬಹುದು. ಕೆಮಿಕಲ್ ಎಂಬ ಹೆದರಿಕೆಗೆ ಇಷ್ಟು ಆಧಾರವಿದೆ.

ತಕ್ಷಣದ ಉರಿಗೆ ಮೆಗ್ನೀಸಿಯಂ–ಅಲ್ಯೂಮಿನಿಯಂ ಇರುವ ಆಂಟಾಸಿಡ್ ಸಿರಪ್ಪು 10 ಮಿ.ಲೀ. ಸಾಕು. ಮೆಗ್ನೀಸಿಯಂ ಭೇದಿ ತರುತ್ತದೆ, ಅಲ್ಯೂಮಿನಿಯಂ ಮಲಬದ್ಧತೆ. ಅದಕ್ಕೇ ಎರಡನ್ನೂ ಕೂಡಿಸಿರುತ್ತಾರೆ. ಬೇರೆ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ಕಿಡ್ನಿ ತೊಂದರೆ ಇದ್ದವರು ಕೇಳದೆ ಕುಡಿಯಬಾರದು.

ರಾತ್ರಿಯೇ ಉರಿ ಎಂದರೆ ಊಟದ ಹೊತ್ತನ್ನೂ ನೋಡಬೇಕು. ಲೋಕಲ್ ರೈಲು ಇಳಿದು ಮನೆ ಸೇರುವುದು ಒಂಬತ್ತೂವರೆ, ಉಂಡು ಹನ್ನೊಂದಕ್ಕೆ ಮಲಗುವುದು ನಿಮ್ಮಲ್ಲಿ ಹಲವರ ದಿನಚರಿ. ಊಟಕ್ಕೂ ನಿದ್ದೆಗೂ ಮೂರು ಗಂಟೆ ಬೇಕು. ಸಂಜೆ ಏಳಕ್ಕೆ ಡಬ್ಬಿಯ ಎರಡು ಚಪಾತಿ ತಿಂದರೆ ಸ್ಟೇಷನ್ನಿನ ವಡಾಪಾವ್ ಬೇಕಾಗುವುದಿಲ್ಲ, ಮನೆಯ ಊಟವೂ ಹಗುರಾಗುತ್ತದೆ. ಮಂಚದ ತಲೆಭಾಗದ ಕಾಲುಗಳಡಿ ಆರು ಇಂಚಿನ ದಿಮ್ಮಿ ಇಡಿ. ದಿಂಬು ಪೇರಿಸಿದರೆ ಹೊಟ್ಟೆ ಮಡಚಿ ಉರಿ ಹೆಚ್ಚುತ್ತದೆ. ಎಡಮಗ್ಗುಲಲ್ಲಿ ಮಲಗಿ.

ಬಿ.ಪಿ. ಮಾತ್ರೆ ಅಮ್ಲೋಡಿಪಿನ್ ಆಗಿದ್ದರೆ ಡಾಕ್ಟರಿಗೆ ತಿಳಿಸಿ. ಅನ್ನನಾಳದ ತುದಿಯ ಬಿಗಿಯನ್ನು ಅದು ಸಡಿಲಿಸಬಹುದು. ನೀವಾಗಿ ನಿಲ್ಲಿಸಬೇಡಿ. ನುಂಗಲು ಕಷ್ಟ, ಕಪ್ಪು ಮಲ, ರಕ್ತವಾಂತಿ, ತೂಕ ಇಳಿಕೆ ಕಂಡರೆ ಎಂಡೋಸ್ಕೋಪಿ (ಬಾಯಿಯಿಂದ ಕೊಳವೆ ಇಳಿಸಿ ಅನ್ನನಾಳ, ಹೊಟ್ಟೆ ನೋಡುವ ಪರೀಕ್ಷೆ) ಮುಂದೂಡಬೇಡಿ. ಉರಿ ಎಡತೋಳಿಗೋ ದವಡೆಗೋ ಹರಡಿ ಬೆವರಿದರೆ ಅದು ಆಮ್ಲವೆಂದು ಕಾಯದೆ ನೇರ ಆಸ್ಪತ್ರೆಗೆ ಹೋಗಿ.