ಬಾಕಿ ಓಟ

ಸಲಹೆ ಕೇಳಿ ನನ್ನ ಬಳಿ ಬಂದ ಆಕೆಗೆ ನಲವತ್ತೆರಡು. ಮೈಸೂರಿನಲ್ಲಿ ಲೆಕ್ಕಪತ್ರದ ಕೆಲಸ, ತವರು ಮಂಡ್ಯ ಕಡೆ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಕೂತವರೇ ಬ್ಯಾಗಿನಿಂದ ಅಡುಗೆಮನೆಯ ಕ್ಯಾಲೆಂಡರ್ ತೆಗೆದು ಮೇಜಿನ ಮೇಲೆ ಹಾಸಿದರು. ಕುಕ್ಕರಹಳ್ಳಿ ಕೆರೆ ಸುತ್ತ ಓಡಿದ ದಿನಕ್ಕೆ ಹಸಿರು ಗೀಟು, ತಪ್ಪಿದ ದಿನಕ್ಕೆ ಕೆಂಪು ಸೊನ್ನೆ. ಸಾಲಾಗಿ ಒಂಬತ್ತು ಸೊನ್ನೆ. ಕೊನೆಯದನ್ನು ಒತ್ತಿದ ರಭಸಕ್ಕೆ ಕಾಗದ ಹರಿದು ಮುಂದಿನ ತಿಂಗಳು ಇಣುಕುತ್ತಿತ್ತು.

ನಾಲ್ಕು ದಿನ ಜ್ವರ, ಎರಡು ದಿನ ತವರಲ್ಲಿ ಪಕ್ಷದ ಹಬ್ಬ, ಉಳಿದ ಮೂರು ದಿನ ಸುಮ್ಮನೆ ಮಲಗಿದ್ದು. "ನಾಲ್ಕು ತಿಂಗಳ ಶ್ರಮ ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತು ಮೇಡಂ." ಬಾಕಿ ಚುಕ್ತಾ ಮಾಡಲು ಒಂದೇ ಭಾನುವಾರ ಕೆರೆಗೆ ಮೂರು ಸುತ್ತು ಹಾಕಿ, ಸಂಜೆ ಚಾಮುಂಡಿ ಬೆಟ್ಟದ ಮೆಟ್ಟಿಲೂ ಹತ್ತಿದ್ದರು. ಈಗ ಮೊಣಕಾಲ ಕೆಳಗಿನ ಮೂಳೆ ಮುಟ್ಟಿದರೆ ನೋವು.

ಲೆಕ್ಕದವರಿಗೆ ಲೆಕ್ಕದಲ್ಲೇ ಹೇಳಬೇಕು. ವಾರ, ಹತ್ತು ದಿನ ಬಿಟ್ಟರೆ ದಮ್ಮು ಹೆಚ್ಚೇನೂ ಇಳಿಯುವುದಿಲ್ಲ. ಮೊದಲು ತಗ್ಗುವುದು ರಕ್ತದ ದ್ರವಾಂಶ. ಮರಳಿ ಓಡಿದ ದಿನ ಎದೆ ಜಾಸ್ತಿ ಬಡಿಯುವುದು ಅದಕ್ಕೇ. ಅದು ಬೇಗ ತುಂಬಿಕೊಳ್ಳುತ್ತದೆ. ಅಭ್ಯಾಸ ಬೇರೂರುವ ಬಗ್ಗೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಕಂಡಿರಲಿಲ್ಲ. ಇನ್ನು ಜ್ವರದಲ್ಲಿ ಓಡಿದರೆ ಹೃದಯದ ಸ್ನಾಯುವಿಗೇ ಅಪಾಯ. ಆ ನಾಲ್ಕು ಸೊನ್ನೆಗಳನ್ನು ಅಲ್ಲೇ ಹೊಡೆದುಹಾಕಿಸಿದೆ. ಹಬ್ಬದ ಎರಡನ್ನು ಅವರೇ ನಕ್ಕು ಹೊಡೆದರು.

ನನಗೆ ಬೇಕಿದ್ದದ್ದು ಕೊನೆಯ ಮೂರು. ಅಲಾರಂ ಹೊಡೆದಾಗ ಏನನ್ನಿಸಿತು? ತುಂಬಾ ಹೊತ್ತು ಕ್ಯಾಲೆಂಡರಿನ ಅಂಚು ಮಡಚುತ್ತಾ ಕೂತರು. "ದಿನಾ ಸಿಗೋರು 'ಏನ್ ಕಾಣ್ಲೇ ಇಲ್ವಲ್ಲ' ಅಂತಾರೆ." ಅಂದರೆ ತಡೆದದ್ದು ಕಾಲಲ್ಲ, ನಾಚಿಕೆ. ಸೋಮಾರಿತನ ಅಂತ ನಾವು ಬೈದುಕೊಳ್ಳುವುದರಲ್ಲಿ ಇದರ ಪಾಲೇ ಹೆಚ್ಚೆಂದು ನನ್ನ ಅನುಮಾನ. ಉತ್ತರವನ್ನು ಅಲ್ಲೇ ಬಾಯಿಪಾಠ ಮಾಡಿಸಿದೆ: "ಜ್ವರ ಬಂದಿತ್ತು, ಈಗ ಬಂದೆ." ಅಷ್ಟೇ.

ಮೊದಲು ಮೂಳೆಯನ್ನು ಡಾಕ್ಟರಿಗೆ ತೋರಿಸಿ, ಅವರು ಒಪ್ಪಿದ ಮೇಲೆ ಅರ್ಧ ಸುತ್ತು, ಮಾತಾಡಿಕೊಂಡು ಓಡುವಷ್ಟು ನಿಧಾನ. ತಪ್ಪಿದ್ದನ್ನು ಮುಂದಿನ ದಿನಕ್ಕೆ ಕೂಡಿಸುವಂತಿಲ್ಲ ಎಂದೆ.

ಮೂರು ವಾರದ ಮೇಲೆ ಬಂದರು. ಡಾಕ್ಟರು ಎರಡು ವಾರ ನಡಿಗೆ ಮಾತ್ರ ಎಂದಿದ್ದರಂತೆ. ನಡೆದ ದಿನಕ್ಕೂ ಹಸಿರು ಗೀಟು. ಮಳೆ ಬಂದ ಎರಡು ದಿನ ಖಾಲಿ. ಕೆಂಪು ಪೆನ್ನನ್ನು ಮಗ ಸ್ಕೂಲಿಗೆ ಒಯ್ದಿದ್ದಾನೆ, ಇವರು ವಾಪಸ್ ಕೇಳಿಲ್ಲ.