ಸಂಪಾದಕರ ಉತ್ತರ: ‘ಚದರ ನಮ ಜೊತೆ ಯಾಕೆ ಬತಾನೆ?’

ಪತ್ರದ ಸಾರ: ನನ್ನ ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ತರಗತಿ. ಪಾಠ ಓದಿ ಹೇಳಿದರೆ ಒಂದೇ ಸಲಕ್ಕೆ ಹಿಡಿಯುತ್ತಾನೆ. ಪುಸ್ತಕ ಕೈಗಿಟ್ಟರೆ ಒಂದು ಸಾಲು ದಾಟುವಷ್ಟರಲ್ಲಿ ಬೆವರುತ್ತಾನೆ. ಶಾಲೆಯಲ್ಲಿ ಸೋಮಾರಿ ಎಂದರು. ಪರೀಕ್ಷಿಸಿದ ಮನಶ್ಶಾಸ್ತ್ರಜ್ಞರು ಡಿಸ್ಲೆಕ್ಸಿಯಾ (ಓದು, ಬರಹ ಕಲಿಯುವುದರಲ್ಲಿನ ತೊಡಕು) ಎಂದರು. ಟ್ಯೂಷನ್ನಿನವರು ತಪ್ಪಿದ ಪದವನ್ನೆಲ್ಲ ನೂರು ಸಲ ಬರೆಸುತ್ತಾರೆ. ರಾತ್ರಿ ಎರಡು ಗಂಟೆ ನಾನೇ ಕೂರಿಸಿಕೊಂಡು ಓದಿಸುತ್ತೇನೆ; ಇಬ್ಬರೂ ಅತ್ತು ಮಲಗುತ್ತೇವೆ. ಹೋದ ವಾರ ಕೈ ಎತ್ತಿಬಿಟ್ಟೆ. ನಮ್ಮವರು ‘ನಾನೂ ಹಾಗೇ ಇದ್ದೆ, ತಾನಾಗಿ ಸರಿಹೋಗುತ್ತೆ’ ಎನ್ನುತ್ತಾರೆ. ಒಂದನೇ ತರಗತಿಯ ತಂಗಿ ಅವನ ತಪ್ಪು ತಿದ್ದುತ್ತಾಳೆ. ಕನ್ನಡ, ಇಂಗ್ಲಿಷ್ ಎರಡರಲ್ಲಿ ಒಂದನ್ನು ಬಿಡಿಸಲೇ? ಬಣ್ಣದ ಕನ್ನಡಕ ಹಾಕಿದರೆ ಮೂರು ತಿಂಗಳಲ್ಲಿ ಗುಣ ಎನ್ನುವವರಿದ್ದಾರೆ, ಹೋಗಲೇ? ಇದೆಲ್ಲ ನನ್ನ ತಪ್ಪೇ?
(ಹೆಸರು ಬೇಡ ಎಂದಿರುವ ಓದುಗರು)

ಅಮ್ಮಾ,

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಅಲ್ಲ. ಕೈ ಎತ್ತಿದ್ದು ತಪ್ಪು, ಅದು ನಿಮಗೇ ಗೊತ್ತು. ಅವನಿಗೆ ಓದು ಹತ್ತದಿರುವುದಕ್ಕೆ ಮಾತ್ರ ನೀವು ಕಾರಣರಲ್ಲ. ಬಸುರಿನಲ್ಲಿ ಏನೋ ತಿಂದದ್ದು, ಮೊಬೈಲು ಕೊಟ್ಟದ್ದು, ಮುದ್ದು ಹೆಚ್ಚಾದದ್ದು ಎಂದು ನಾಲ್ಕು ಪುಟದಲ್ಲಿ ನೀವೇ ನಿಮ್ಮ ಮೇಲೆ ಹೊರಿಸಿಕೊಂಡ ಆರೋಪಗಳ ಪಟ್ಟಿ ದೊಡ್ಡದಿದೆ. ಅದನ್ನೆಲ್ಲ ನಾನು ಪ್ರಕಟಿಸಿಲ್ಲ, ನೀವೂ ಮರೆತುಬಿಡಿ.

ಆ ನಾಲ್ಕನೇ ಪುಟದ ತಳದಲ್ಲಿ ಪೆನ್ಸಿಲಿನ ಒಂದು ಸಾಲಿದೆ: ‘ಚದರ ನಮ ಜೊತೆ ಯಾಕೆ ಬತಾನೆ?’ ಪಕ್ಕದಲ್ಲಿ ನಿಮ್ಮ ಕೈಬರಹ: ‘ಮಗ ಗೀಚಿದ್ದಾನೆ, ಕ್ಷಮಿಸಿ.’ ಕ್ಷಮಿಸುವುದಕ್ಕೆ ಅಲ್ಲೇನೂ ಇಲ್ಲ. ನಿಮ್ಮ ಪತ್ರದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ ಸಾಲು ಅದೇ. ಚಂದ್ರ ನಮ್ಮ ಜೊತೆ ಯಾಕೆ ಬರ್ತಾನೆ ಎಂದು ಕೇಳಿದ್ದಾನೆ. ಉತ್ತರ ಕೊನೆಯಲ್ಲಿ ಕೊಡುತ್ತೇನೆ. ಅದಕ್ಕೆ ಮೊದಲು ಅವನ ತಪ್ಪುಗಳನ್ನು ನೋಡೋಣ. ಕರಡು ತಿದ್ದಿ ತಿದ್ದಿ ತಲೆ ನರೆತವನಿಗೆ ಇದೊಂದು ಚಟ.

ಜೊ, ತೆ, ಯಾ, ಕೆ, ತಾ, ನೆ: ಗುಣಿತಾಕ್ಷರ ಒಂದೂ ತಪ್ಪಿಲ್ಲ. ಹಾಗಾದರೆ ಬಿಟ್ಟುಹೋದದ್ದು ಏನು? ಚಂದ್ರನ ಸೊನ್ನೆ. ‘ನಮ್ಮ’ದ ಒತ್ತು. ‘ಬರ್ತಾನೆ’ಯ ಅರ್ಕಾವತ್ತು. ‘ದ್ರ’ವನ್ನು ದ, ರ ಎಂದು ಎರಡಾಗಿ ಒಡೆದುಕೊಂಡಿದ್ದಾನೆ. ಅಂದರೆ ಸ್ವರದ ಆಸರೆಯಿಲ್ಲದೆ ವ್ಯಂಜನ ಒಂಟಿಯಾಗಿ ನಿಂತ ಕಡೆಯಲ್ಲೆಲ್ಲ ಅವನು ಎಡವಿದ್ದಾನೆ, ಉಳಿದ ಕಡೆ ಎಲ್ಲೂ ಎಡವಿಲ್ಲ. ಸೋಮಾರಿಯ ತಪ್ಪು ಇಷ್ಟು ಕ್ರಮಬದ್ಧವಾಗಿರುವುದಿಲ್ಲ. ಮಾತನ್ನು ಬಿಡಿ ಬಿಡಿ ಧ್ವನಿಗಳಾಗಿ ಕಿವಿಯಲ್ಲಿ ಬಿಡಿಸಿಕೊಳ್ಳುವುದು, ಆ ಧ್ವನಿಗೆ ತಕ್ಕ ಗುರುತನ್ನು ಥಟ್ಟನೆ ನೆನಪಿಗೆ ತಂದುಕೊಳ್ಳುವುದು, ಇವೆರಡೇ ಡಿಸ್ಲೆಕ್ಸಿಯಾ ಇರುವ ಹೆಚ್ಚಿನ ಮಕ್ಕಳಿಗೆ ಕಷ್ಟ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ, ಕಣ್ಣಿಗೂ ಇಲ್ಲ. ಅಕ್ಷರ ತಿರುಗುಮುರುಗಾಗಿ ಕಾಣುತ್ತದೆ ಎಂಬ ನಂಬಿಕೆ ಎಷ್ಟು ಹಬ್ಬಿದೆಯೆಂದರೆ, ಅದನ್ನು ಬಿಡಿಸಲು ಇನ್ನೊಂದು ತಲೆಮಾರು ಬೇಕಾದೀತು.

ನಮ್ಮ ಲಿಪಿಗೆ ತನ್ನದೇ ತುಂಟತನವೂ ಇದೆ. ‘ಕ್ರಮ’, ‘ಕರ್ಮ’ ಎರಡನ್ನೂ ಬರೆದು ನೋಡಿ. ಮೊದಲನೆಯದರಲ್ಲಿ ರಕಾರ ಕ-ದ ಕೆಳಗಿದೆ, ಓದುವಾಗ ಕ್ ಆದಮೇಲೆ ಬರುತ್ತದೆ. ಎರಡನೆಯದರಲ್ಲಿ ಮ ಬರೆದಾದ ಮೇಲೆ ಅದರ ಬಲಕ್ಕೆ ಬರೆಯುತ್ತೇವೆ, ಆದರೆ ಮ-ಕ್ಕಿಂತ ಮೊದಲೇ ಉಚ್ಚರಿಸುತ್ತೇವೆ. ‘ಪ್ರೀತಿ’ಯ ಗುಡಿಸು ಪ-ದ ತಲೆಯ ಮೇಲೆ ಕೂತಿದ್ದರೂ ಕೇಳಿಸುವುದು ರ್ ಆದಮೇಲೆ. ನಮಗೆ ಇದು ಅಭ್ಯಾಸವಾಗಿ ಕಣ್ಣಿಗೇ ಬೀಳುವುದಿಲ್ಲ. ಕನ್ನಡ ಓದಲು ಕಲಿಯುವ ಮಕ್ಕಳನ್ನು ಕುರಿತು ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಕ್ಷರಗಳು ಕೈವಶವಾಗುವ ಕೆಲಸ ನಾಲ್ಕನೇ ತರಗತಿಯವರೆಗೂ ನಡೆದೇ ಇರುತ್ತದೆ. ಒಂದನೇ ತರಗತಿ ಮುಗಿಯುವಷ್ಟರಲ್ಲಿ ‘ಅಕ್ಷರ ಬಂತು’ ಎಂದು ಮುಂದೆ ಓಡುವ ನಮ್ಮ ಅವಸರ ಎಲ್ಲ ಮಕ್ಕಳಿಗೂ ಭಾರ. ನಿಮ್ಮ ಮಗನಂಥವರಿಗಂತೂ ಮುರಿಯುವ ಭಾರ.

1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲಿಷ್ ವೈದ್ಯ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ಗೆ ಹದಿನಾಲ್ಕು ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದ. 749ನ್ನು 867ರಿಂದ ಗುಣಿಸು ಎಂದರೆ ಬೇಗನೆ, ತಪ್ಪಿಲ್ಲದೆ ಗುಣಿಸುತ್ತಿದ್ದ ಹುಡುಗ ತನ್ನ ಹೆಸರು ಪರ್ಸಿ ಎಂಬುದನ್ನೇ ‘ಪ್ರೆಸಿ’ ಎಂದು ಬರೆದಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾಗಿದ್ದರೆ ಶಾಲೆಯಲ್ಲಿ ಅವನೇ ಎಲ್ಲರಿಗಿಂತ ಚುರುಕು ಎನಿಸಿಕೊಳ್ಳುತ್ತಿದ್ದ ಎಂದು ಅವನ ಮೇಷ್ಟ್ರು ಹೇಳಿದ್ದು ಅದೇ ವರದಿಯಲ್ಲಿದೆ. ಅಷ್ಟು ವರ್ಷಗಳ ಹಿಂದೆ ಒಬ್ಬ ಮೇಷ್ಟ್ರಿಗೆ ಕಂಡದ್ದು ನಿಮ್ಮ ಮಗನ ಶಾಲೆಯಲ್ಲಿ ಇನ್ನೂ ಯಾರಿಗೂ ಕಂಡಿಲ್ಲ.

ಈಗ ಟ್ಯೂಷನ್ ವಿಚಾರ. ತಪ್ಪಿದ ಪದವನ್ನು ನೂರು ಸಲ ಬರೆಸುವವರನ್ನು ನಾಳೆಯೇ ಬಿಡಿಸಿ. ಮೂರನೇ ಸಲಕ್ಕೆ ಅದು ಪದವಾಗಿ ಉಳಿದಿರುವುದಿಲ್ಲ, ಗೆರೆಗಳ ಚಿತ್ರವಾಗಿರುತ್ತದೆ; ನಡುವೆ ಎಲ್ಲೋ ಒಂದು ಒತ್ತು ಜಾರಿದರೆ ಉಳಿದ ಎಪ್ಪತ್ತು ಸಲವೂ ಅವನು ತಪ್ಪನ್ನೇ ಕಲಿಯುತ್ತಾನೆ. ಮತ್ತೆ ಅ ಆ ಇ ಈ-ಯಿಂದ ಶುರುಮಾಡುವವರೂ ಬೇಡ. ಅವನಿಗೆ ಅದು ಬರುತ್ತದೆ, ಆ ಪೆನ್ಸಿಲಿನ ಸಾಲೇ ಸಾಕ್ಷಿ. ಒಳ್ಳೆಯ ಬೋಧಕಿ ಮೊದಲ ದಿನ ಕಲಿಸುವುದೇ ಇಲ್ಲ. ಓದಿಸಿ, ಬರೆಸಿ, ಎಲ್ಲಿ ನಿಂತಿದ್ದಾನೆ ಎಂದು ಗುರುತು ಹಾಕಿಕೊಳ್ಳುತ್ತಾಳೆ. ಇವನ ವಿಷಯದಲ್ಲಿ ಆಕೆ ಬಹುಶಃ ಸಜಾತೀಯ ಒತ್ತುಗಳಿಂದ ತೊಡಗಬಹುದು: ಅಮ್ಮ, ಅಪ್ಪ, ಅಕ್ಕ. ಮೊದಲು ಕಿವಿಗೆ: ‘ಅಮ್ಮ’ದಲ್ಲಿ ಎಷ್ಟು ಮ್ ಕೇಳಿಸುತ್ತೆ? ಆಮೇಲೆ ಬಾಯಿಗೆ, ತುಟಿ ಎಷ್ಟು ಹೊತ್ತು ಮುಚ್ಚಿತ್ತು ನೋಡು ಎಂದು. ಆಮೇಲೆ ಮರಳಿನ ಮೇಲೆ ಬೆರಳಲ್ಲಿ, ಕೊನೆಗೆ ಕಾಗದ. ಕಲಿತ ಒತ್ತುಗಳಷ್ಟೇ ಇರುವ ನಾಲ್ಕು ಸಾಲಿನ ಕತೆ ಓದಿಸಿ, ಮರುದಿನ ಅದನ್ನೇ ಇನ್ನೊಮ್ಮೆ. ಅದು ಗಟ್ಟಿಯಾದ ಮೇಲೆ ವಿಜಾತೀಯ, ಅಂದರೆ ‘ದ್ರ’ದಂತೆ ಬೇರೆ ಅಕ್ಷರದ ಒತ್ತು, ಆಮೇಲೆ ಅರ್ಕಾವತ್ತು. ಒಂದರ ಮೇಲೊಂದು, ಹಿಂದಿನದನ್ನು ಬಿಡದೆ. ನೋಡಲು ಆಮೆ ನಡಿಗೆ. ಧ್ವನಿ, ಕಣ್ಣು, ಕೈ ಮೂರನ್ನೂ ಹೀಗೆ ಒಟ್ಟಿಗೆ ದುಡಿಸುವ ದಾರಿಯನ್ನು ಸ್ಯಾಮ್ಯುಯೆಲ್ ಆರ್ಟನ್ ಎಂಬ ಅಮೆರಿಕದ ವೈದ್ಯ, ಆನಾ ಗಿಲಿಂಗ್‌ಹ್ಯಾಮ್ ಎಂಬ ಶಿಕ್ಷಕಿ ಕಳೆದ ಶತಮಾನದ ಮೊದಲ ಅರ್ಧದಲ್ಲೇ ಹಾಕಿಕೊಟ್ಟಿದ್ದರು. ಅವರು ಹಾಕಿದ್ದು ಇಂಗ್ಲಿಷಿಗೆ. ನಮ್ಮ ಒತ್ತಕ್ಷರಕ್ಕೆ ಹೊಂದಿಸಿಕೊಳ್ಳುವ ಕಸುಬು ಬೋಧಕಿಯದು.

ಯಾರನ್ನಾದರೂ ಗೊತ್ತುಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿ: ಮುಂದಿನ ತಿಂಗಳು ಇವನಿಗೆ ಏನು ಕಲಿಸುತ್ತೀರಿ, ಕಲಿತನೆಂದು ಹೇಗೆ ತಿಳಿಯುತ್ತೀರಿ? ‘ಆತ್ಮವಿಶ್ವಾಸ ಬೆಳೆಸುತ್ತೇವೆ’ ಎಂದರೆ ನಮಸ್ಕಾರ ಹೇಳಿ ಎದ್ದುಬನ್ನಿ. ‘ಸಜಾತೀಯ ಒತ್ತು ಮುಗಿಸುತ್ತೇವೆ, ಹೊಸ ಇಪ್ಪತ್ತು ಪದ ಕೊಟ್ಟು ಓದಿಸಿ ನೋಡುತ್ತೇವೆ’ ಎಂದರೆ ಕೂತು ಮಾತಾಡಿ.

ಫಲದ ಬಗ್ಗೆ ಸುಳ್ಳು ಭರವಸೆ ನಾನು ಕೊಡಲಾರೆ. ಅಮೆರಿಕದ ಸಂಶೋಧಕ ಜೋಸೆಫ್ ಟೊರ್ಗೆಸೆನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಓದಿನಲ್ಲಿ ತೀರ ಹಿಂದುಳಿದಿದ್ದ, ನಿಮ್ಮ ಮಗನ ವಯಸ್ಸಿನ 60 ಮಕ್ಕಳು. ಒಬ್ಬರಿಗೆ ಒಬ್ಬರಂತೆ ಕೂತು, ದಿನಕ್ಕೆ 50 ನಿಮಿಷದ ಎರಡು ಪಾಠ, ಎಂಟು ವಾರ, ಒಟ್ಟು 67.5 ಗಂಟೆ. ತಪ್ಪಿಲ್ಲದೆ ಓದುವುದರಲ್ಲಿ ಮಕ್ಕಳು ಬಹಳ ಮುಂದೆ ಬಂದರು, ಎರಡು ವರ್ಷದ ಮೇಲೂ ಆ ಗಳಿಕೆ ಉಳಿದಿತ್ತು. ವೇಗ ಮಾತ್ರ ಓರಗೆಯವರ ಮಟ್ಟ ಮುಟ್ಟಲಿಲ್ಲ. ನಿಮ್ಮ ಮಗನೂ ಓದುತ್ತಾನೆ, ನಿಧಾನವಾಗಿ ಓದುತ್ತಾನೆ. ಅವನಿಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಬೇಕು, ಪ್ರಶ್ನೆಗಳನ್ನು ಓದಿ ಹೇಳುವವರು ಬೇಕು. ಅದು ರಿಯಾಯಿತಿ ಎಂದು ಹಿಂಜರಿಯಬೇಡಿ. ನಾನು ಕನ್ನಡಕ ಹಾಕಿಕೊಂಡು ಈ ಪತ್ರ ಬರೆಯುತ್ತಿದ್ದೇನೆ, ಯಾರೂ ಅದನ್ನು ರಿಯಾಯಿತಿ ಎನ್ನುವುದಿಲ್ಲ.

ಕನ್ನಡಕ ಎಂದಾಗ ನೆನಪಾಯಿತು. ಬಣ್ಣದ್ದು ಬೇಡ. ಅಮೆರಿಕದ ಮಕ್ಕಳ ತಜ್ಞರ ಮತ್ತು ನೇತ್ರತಜ್ಞರ ಸಂಘಗಳು 2009ರಲ್ಲೇ ಒಟ್ಟಾಗಿ, ಬಣ್ಣದ ಗಾಜಿಗೂ ಕಣ್ಣಿನ ವ್ಯಾಯಾಮಕ್ಕೂ ಆಧಾರವಿಲ್ಲ ಎಂದು ಹೇಳಿವೆ. ಮೂರು ತಿಂಗಳಲ್ಲಿ ಗುಣ ಎನ್ನುವವರಿಗೆ, ಇದು ಜ್ವರವಲ್ಲ ಎಂದಷ್ಟೇ ಹೇಳಿ ಬನ್ನಿ. ಕಣ್ಣು, ಕಿವಿ ಎರಡನ್ನೂ ಒಮ್ಮೆ ವೈದ್ಯರಿಗೆ ತೋರಿಸುವುದು ಬೇರೆ ಮಾತು, ಅದನ್ನು ಮಾಡಿಸಿರದಿದ್ದರೆ ಮಾಡಿಸಿ.

ಎರಡು ಭಾಷೆಯಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ, ಒಂದನ್ನು ಬಿಟ್ಟರೆ ಹೋಗುವುದೂ ಇಲ್ಲ. ಆದರೆ ಓದಿನ ವಿಶೇಷ ಪಾಠವನ್ನು ಎರಡು ಲಿಪಿಯಲ್ಲೂ ಒಂದೇ ದಿನ ಶುರುಮಾಡಬೇಡಿ. ಅವನು ಕನಸು ಕಾಣುವ ಭಾಷೆ ಯಾವುದೋ ಅದು ಮೊದಲು.

ಈಗ ನಿಮ್ಮ ರಾತ್ರಿಗಳು. ನಾನು ಈ ಉತ್ತರವನ್ನು ಇಷ್ಟು ಉದ್ದ ಬರೆಯಲು ಕಾರಣವೇ ಅವು. ಕನ್ನಡದಲ್ಲಿ ‘ತಿದ್ದು’ ಎಂಬುದಕ್ಕೆ ಎರಡು ಅರ್ಥ: ಅಕ್ಷರದ ಮೇಲೆ ಬೆರಳಾಡಿಸಿ ಕಲಿಯುವುದೂ ತಿದ್ದುವುದೇ, ತಪ್ಪು ಹಿಡಿದು ಸರಿಮಾಡುವುದೂ ತಿದ್ದುವುದೇ. ನಿಮ್ಮ ಮನೆಯಲ್ಲಿ ಮೊದಲನೆಯದು ನಿಂತುಹೋಗಿ ಎರಡನೆಯದಷ್ಟೇ ಉಳಿದಿದೆ. ಶಾಲೆಯಲ್ಲಿ ತಿದ್ದುತ್ತಾರೆ, ಟ್ಯೂಷನ್ನಿನಲ್ಲಿ ತಿದ್ದುತ್ತಾರೆ, ಮನೆಗೆ ಬಂದರೆ ಅಮ್ಮ, ಕೊನೆಗೆ ಆರು ವರ್ಷದ ತಂಗಿಯೂ. ಎಚ್ಚರವಿದ್ದಷ್ಟು ಹೊತ್ತೂ ಆ ಹುಡುಗನಿಗೆ ಬರದ ಕೆಲಸವನ್ನೇ ಎಲ್ಲರೆದುರು ಮಾಡಿಸಲಾಗುತ್ತಿದೆ. ನನ್ನ ಮೇಲಧಿಕಾರಿ ನನಗೆ ಹೀಗೆ ಮಾಡಿದ್ದರೆ ನಾನು ಒಂದು ವಾರದಲ್ಲಿ ರಾಜೀನಾಮೆ ಕೊಡುತ್ತಿದ್ದೆ. ಅವನಿಗೆ ರಾಜೀನಾಮೆ ಕೊಡುವ ದಾರಿಯಿಲ್ಲ, ಅದಕ್ಕೇ ಹೊಟ್ಟೆನೋವು ಎನ್ನುತ್ತಾನೆ.

ಆದ್ದರಿಂದ ಓದು ಕಲಿಸುವ ಕೆಲಸ ಬೋಧಕಿಗೆ ಬಿಟ್ಟುಬಿಡಿ. ಹೋಂವರ್ಕಿಗೆ ಅರ್ಧ ಗಂಟೆ ಮಿತಿ ಹಾಕಿ. ಮುಗಿಯದಿದ್ದರೆ ‘ಇಷ್ಟು ಮಾಡಿದ, ಇಷ್ಟು ಹೊತ್ತಾಯಿತು’ ಎಂದು ಬರೆದು ಸಹಿ ಹಾಕಿ ಕಳಿಸಿ. ವಿಜ್ಞಾನದ ಉತ್ತರವನ್ನು ಅವನು ಹೇಳಲಿ, ನೀವು ಬರೆಯಿರಿ. ಅಲ್ಲಿ ಪರೀಕ್ಷೆಯಾಗುತ್ತಿರುವುದು ವಿಜ್ಞಾನ, ಕಾಗುಣಿತವಲ್ಲ. ಶಾಲೆಗೆ ಹೋಗಿ ಎರಡೇ ಮಾತು ಕೇಳಿಕೊಳ್ಳಿ: ಮುಂಚೆ ಹೇಳದೆ ತರಗತಿಯಲ್ಲಿ ಗಟ್ಟಿಯಾಗಿ ಓದಿಸಬೇಡಿ, ಬಾಯಲ್ಲಿ ಹೇಳಿದ ಉತ್ತರಕ್ಕೂ ಅಂಕ ಕೊಡಿ. ಮೊದಲ ಸಲಕ್ಕೆ ಒಪ್ಪದಿರಬಹುದು. ಮನಶ್ಶಾಸ್ತ್ರಜ್ಞರ ವರದಿಯ ಪ್ರತಿ ಕೊಟ್ಟು, ಬರವಣಿಗೆಯಲ್ಲಿ ಕೇಳಿ.

ಉಳಿಯುವ ಒಂದೂವರೆ ಗಂಟೆಯಲ್ಲಿ ನೀವು ಅವನಿಗೆ ಓದಿ ಹೇಳಿ. ಅವನ ಕೈಯಲ್ಲಿ ಓದಿಸುವುದಲ್ಲ, ನೀವು ಓದುವುದು. ‘ಇನ್ನೂ ಓದಿ ಹೇಳಿದರೆ ಅವನು ಯಾವಾಗ ಕಲಿಯುವುದು’ ಎಂದು ಮನೆಯ ಹಿರಿಯರು ಕೇಳುತ್ತಾರೆ, ಕೇಳಲಿ. ಓದುವ ಮಕ್ಕಳು ಓದುತ್ತಲೇ ಹೊಸ ಪದ ಕಲಿಯುತ್ತಾರೆ, ಪದ ಗೊತ್ತಿದ್ದಷ್ಟೂ ಓದು ಸಲೀಸಾಗುತ್ತದೆ. ಓದಲಾರದವನಿಗೆ ಎರಡೂ ಕಡೆಯಿಂದ ನಷ್ಟ, ವರ್ಷ ಕಳೆದಂತೆ ಆ ಅಂತರ ದೊಡ್ಡದಾಗುತ್ತದೆ. ಅದನ್ನು ಕಿವಿಯ ಮೂಲಕ ತುಂಬಬಹುದು. ನಿಮಗೆ ಸಾಕಾದ ದಿನ ಆಡಿಯೋ ಪುಸ್ತಕ ಹಾಕಿ, ಅದರಲ್ಲಿ ಮೋಸವೇನೂ ಇಲ್ಲ.

ಡಿಸ್ಲೆಕ್ಸಿಯಾ ಎಂಬ ಹೆಸರನ್ನು ಅವನಿಗೆ ಹೇಳಲೋ ಬೇಡವೋ ಎಂದು ಅಂಚಿನಲ್ಲಿ ಕೇಳಿದ್ದೀರಿ. ಹೇಳಿ. ತನಗೇನೋ ಆಗಿದೆ ಎಂದು ಅವನಿಗೆ ಗೊತ್ತು. ಅದಕ್ಕೆ ಅವನು ಈಗಾಗಲೇ ಒಂದು ಹೆಸರಿಟ್ಟುಕೊಂಡಿದ್ದಾನೆ, ‘ದಡ್ಡ’ ಅಂತ. ತಂಗಿಗೂ ಹೇಳಿ, ಜೊತೆಗೆ ಅಣ್ಣನ ಓದು ತಿದ್ದುವ ಕೆಲಸದಿಂದ ಅವಳನ್ನು ಬಿಡುಗಡೆ ಮಾಡಿ.

ನಿಮ್ಮವರ ಮಾತು ಒಂದು ಉಳಿದಿದೆ. ‘ನಾನೂ ಹಾಗೇ ಇದ್ದೆ’ ಎನ್ನುವುದನ್ನು ನೀವು ಉಡಾಫೆ ಎಂದುಕೊಂಡಿದ್ದೀರಿ. ನನಗೆ ಹಾಗನ್ನಿಸಲಿಲ್ಲ. ಇದು ವಂಶದಲ್ಲಿ ಹರಿಯುತ್ತದೆ. ತಂದೆ ಅಥವಾ ತಾಯಿಗೆ ಇದ್ದರೆ ಸರಾಸರಿ ಹತ್ತು ಮಕ್ಕಳಲ್ಲಿ ನಾಲ್ಕೈದು ಮಕ್ಕಳಿಗೆ ಬರುತ್ತದೆ. ಅರ್ಜಿ ಫಾರಂಗಳನ್ನೆಲ್ಲ ನಿಮ್ಮ ಕೈಗೇ ಕೊಡುತ್ತಾರೆ, ಸಿನಿಮಾದ ಕೆಳಗಿನ ಅಕ್ಷರ ಬಂದರೆ ಎದ್ದು ಹೋಗುತ್ತಾರೆ ಎಂದು ಎರಡನೇ ಪುಟದಲ್ಲಿ ಬೇರೆ ಯಾವುದೋ ದೂರಿನ ನಡುವೆ ಬರೆದಿದ್ದೀರಿ. ದೂರದಲ್ಲಿ ಕೂತು ನಾನು ನಿರ್ಣಯ ಕೊಡಲಾರೆ. ಆದರೆ ‘ತಾನಾಗಿ ಸರಿಹೋಯಿತು’ ಎನ್ನುವ ಮನುಷ್ಯ ಅದನ್ನು ಮೂವತ್ತು ವರ್ಷ ಬಚ್ಚಿಟ್ಟುಕೊಂಡು ಬಂದಿರಬಹುದು. ಜಗಳದ ರಾತ್ರಿ ಕೇಳಬೇಡಿ. ಒಂದು ಸಮಾಧಾನದ ಹೊತ್ತಿನಲ್ಲಿ, ನಿಮಗೆ ತರಗತಿಯಲ್ಲಿ ಎದ್ದು ನಿಂತು ಓದು ಎಂದಾಗ ಏನಾಗುತ್ತಿತ್ತು ಎಂದು ಕೇಳಿ. ಅವರು ಹೇಳಿದರೆ, ಅದನ್ನೇ ಮಗನಿಗೂ ಹೇಳಲು ಕೇಳಿಕೊಳ್ಳಿ.

ಇನ್ನು ಮುಂದಿನದು ಅವನಿಗೆ. ಓದಿ ಹೇಳಿ.

ಮರಿ, ನಿನ್ನ ಪ್ರಶ್ನೆ ನನಗೆ ಸರಿಯಾಗಿ ಅರ್ಥವಾಯಿತು. ಗಾಡಿಯಲ್ಲಿ ಹೋಗುವಾಗ ಪಕ್ಕದ ಮರ ನೋಡಬೇಕಾದರೆ ನೀನು ಬೇಗ ಬೇಗ ಕತ್ತು ತಿರುಗಿಸಬೇಕು, ಯಾಕೆಂದರೆ ಮರ ಹತ್ತಿರ ಇದೆ, ಸರ್ರನೆ ಹಿಂದೆ ಹೋಗುತ್ತೆ. ದೂರದ ಬೆಟ್ಟ ನಿಧಾನವಾಗಿ ಹೋಗುತ್ತೆ. ಚಂದ್ರ ಸುಮಾರು 3,84,000 ಕಿಲೋಮೀಟರ್ ದೂರ ಇದ್ದಾನೆ. ನೀನು ಹತ್ತು ಕಿಲೋಮೀಟರ್ ಹೋದರೂ ಅವನನ್ನು ನೋಡಲು ಕತ್ತು ತಿರುಗಿಸಬೇಕಾಗೋದೇ ಇಲ್ಲ. ಅದಕ್ಕೇ ಅವನು ಜೊತೆಗೆ ಬಂದ ಹಾಗೆ ಕಾಣುತ್ತೆ. ಇವತ್ತು ರಾತ್ರಿ ಆಕಾಶದಲ್ಲಿ ಇದ್ದರೆ ಹೊರಗೆ ಹೋಗಿ ಮೊದಲು ಎಡಕ್ಕೆ ಓಡು, ಆಮೇಲೆ ಬಲಕ್ಕೆ ಓಡು. ನಿನ್ನ ತಂಗಿಯನ್ನು ಅದೇ ಹೊತ್ತಿಗೆ ಇನ್ನೊಂದು ಕಡೆ ಓಡಿಸು. ಚಂದ್ರ ಯಾರ ಜೊತೆ ಬಂದ ಅಂತ ನೋಡಿ ನನಗೆ ಬರಿ. ಪೆನ್ಸಿಲಿನಲ್ಲೇ ಬರಿ, ಅಮ್ಮ ತಿದ್ದುವುದು ಬೇಡ.

ಸಂಪಾದಕ